ಬಾಯಿ ಹೊಲಿದ ತೋಳು

ನನಗೆ ಮಕ್ಕಳಿಲ್ಲ. ಆದ್ದರಿಂದ ಮಕ್ಕಳನ್ನು ಹೇಗೆ ಸಾಕಬೇಕು ಅನ್ನೋದು ನನಗೆ ಚೆನ್ನಾಗಿ ಗೊತ್ತು. ಮಕ್ಕಳಿರುವವರಿಗೆ ಆ ಭಾಗ್ಯ ಇಲ್ಲ, ಅವರಿಗೆ ದಿನಕ್ಕೊಂದು ಅನುಮಾನ. ನಾನು ವಾಚ್ ರಿಪೇರಿ ಮಾಡುವವನು. ಒಂದೇ ಅಂಗಡಿಗೆ ನಡುವೆ ಹಲಗೆ ಹೊಡೆದು ಇಬ್ಬರು ಹಂಚಿಕೊಂಡಿದ್ದೇವೆ. ಈ ಕಡೆ ನನ್ನ ಗಡಿಯಾರಗಳು, ಆ ಕಡೆ ಅಳತೆಯಣ್ಣನ ಹೊಲಿಗೆ ಮಷೀನು. ಹಲಗೆ ಸೊಂಟದ ಎತ್ತರಕ್ಕಷ್ಟೇ ಇರೋದರಿಂದ ಅವನ ಸಂಸಾರದ ಸಂಗತಿಯೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ. ನಾನಾಗಿ ನೋಡೋದಿಲ್ಲ. ಬಿದ್ದದ್ದನ್ನು ಬಿಡೋದೂ ಇಲ್ಲ.

ಅಳತೆಯಣ್ಣ ಅನ್ನೋದು ಬೀದಿಯವರು ಇಟ್ಟ ಹೆಸರು. ಯಾರು ಎದುರಿಗೆ ನಿಂತರೂ ಅವನ ಕೈ ಟೇಪಿಗೆ ಹೋಗುತ್ತದೆ. ದಾರಿ ಕೇಳೋಕೆ ಬಂದವರ ಭುಜ ಅಳೆದು ಕಳಿಸಿದ್ದೂ ಉಂಟು. ಒಳ್ಳೆಯ ಕೆಲಸಗಾರ, ಇಲ್ಲ ಅನ್ನೋಕಾಗಲ್ಲ. ಆದರೆ ಅದನ್ನು ಬೇರೆಯವರು ಹೇಳುವ ತನಕ ಕಾಯುವ ತಾಳ್ಮೆ ಅವನಿಗಿಲ್ಲ. "ನನ್ನ ಕತ್ತರಿ ಗೆರೆ ದಾಟಿದ್ದನ್ನ ಯಾರಾದ್ರೂ ನೋಡಿದ್ದೀರಾ?" ಅಂತ ಬಂದವರನ್ನೆಲ್ಲ ಕೇಳುತ್ತಾನೆ. ಪಾಪ, ಪ್ಯಾಂಟಿನ ಕಾಲು ಮೊಟಕು ಮಾಡಿಸೋಕೆ ಬಂದವರು ಏನು ಹೇಳಿಯಾರು, ಇಲ್ಲ ಅನ್ನುತ್ತಾರೆ.

ಅವನ ಹೆಂಡತಿ ಬಸ್ ಕಂಡಕ್ಟರ್. ಎಂಟು ತಿಂಗಳ ಮಗಳು, ಎಲ್ಲರೂ ಗುಬ್ಬಿ ಅಂತ ಕರೆಯೋದು. ಹೆರಿಗೆ ರಜೆ ಮುಗಿದು ಸೋಮವಾರ ಆ ತಾಯಿ ಡ್ಯೂಟಿಗೆ ಹೋಗಬೇಕು ಅಂತ ಆದಾಗ, ಗುಬ್ಬಿಯನ್ನು ಹಗಲು ಹೊತ್ತು ನೋಡಿಕೊಳ್ಳೋರು ಯಾರು ಅನ್ನೋ ಪ್ರಶ್ನೆ ಎದ್ದಿತು. ಆ ಪ್ರಶ್ನೆಗೆ ಉತ್ತರವಾಗಿ ಪರವೂರಿನಿಂದ ಅವನ ಅತ್ತೆ, ಹೆಂಡತಿಯ ತಾಯಿ, ಬಂದಿಳಿದರು.

ಅತ್ತೆ ಅಂದರೆ ಸಾಮಾನ್ಯ ಅತ್ತೆಯಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಅರ್ಧ ಊರು ಅವರ ಕೈಯಲ್ಲೇ ಮೊದಲ ಸಲ ಅತ್ತಿದೆ. ಬಂದವರೇ, "ಮಗು ನನ್ನ ಜೊತೆ ಬರಲಿ, ನಡೆಯೋದು ಕಲಿತ ಮೇಲೆ ಕಳಿಸ್ತೀನಿ," ಅಂದರು.

"ಯಾಕೆ ಅತ್ತೆ? ನನ್ನ ಅಂಗಡೀಲೇ ಇರುತ್ತೆ. ನಾನು ನೋಡ್ಕೋತೀನಿ," ಅಂದ ಅಳತೆಯಣ್ಣ.

"ಸೂಜಿ, ಕತ್ತರಿ, ಇಸ್ತ್ರಿ ಪೆಟ್ಟಿಗೆ. ಇವುಗಳ ಮಧ್ಯೆ?"

"ಒಂದು ಗೀರೂ ಆಗೋಕೆ ಬಿಡಲ್ಲ."

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಸರಿ ಅಳಿಯಂದ್ರೆ. ಭಾನುವಾರದ ತನಕ ನೀವೇ ನೋಡ್ಕೊಳ್ಳಿ, ನಾನು ಕೈ ಹಾಕಲ್ಲ. ಒಂದು ಗೀರು ಆದರೂ ಮಗು ನನ್ನ ಜೊತೆ ಬರುತ್ತೆ. ಆಗದಿದ್ರೆ ಇಲ್ಲೇ ಇರಲಿ."

ಅವನ ಹೆಂಡತಿ ಗುಬ್ಬಿಯನ್ನು ಎದೆಗೆ ಅವಚಿಕೊಂಡು ಗಂಡನ ಮುಖ ನೋಡಿದಳು. ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗ್ತಿದ್ದೀನಲ್ಲ ಅನ್ನೋ ಸಂಕಟ ಮೊದಲೇ ಇತ್ತು, ಈಗ ಸಂಜೆ ಬಂದರೆ ಮಗುವೇ ಮನೆಯಲ್ಲಿರಲ್ಲ ಅನ್ನೋ ಭಯವೂ ಸೇರಿಕೊಂಡಿತು. ಅಂಗಡಿ ಮೇಲಿನ ಅವನ ಮನೆಗೆ ಅತ್ತೆ ಮೆಟ್ಟಿಲು ಹತ್ತುವಾಗ ಇನ್ನೊಂದು ಮಾತು ಹೇಳಿದರು. "ಮಗುವಿನ ಉಗುರು ಬೆಳೆದಿದೆ. ಅದೊಂದನ್ನ ಮಲಗಿದಾಗ ನಾನು ತೆಗೀತೀನಿ. ನೀವು ಮುಟ್ಟಬೇಡಿ."

ಆ ಕೊನೆಯ ಮಾತನ್ನು ಹೇಳದೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಟೈಲರ್ ಒಬ್ಬನಿಗೆ ಕತ್ತರಿ ಮುಟ್ಟಬೇಡ ಅನ್ನೋದೂ ಒಂದೇ, ಮೀಸೆ ಬೋಳಿಸಿಕೋ ಅನ್ನೋದೂ ಒಂದೇ.

ಗುರುವಾರ ಮಧ್ಯಾಹ್ನ ಹೆಂಡತಿ ಸೋಮವಾರದ ಡ್ಯೂಟಿ ವಿಚಾರಿಸೋಕೆ ಡಿಪೋಗೆ ಹೋಗಿದ್ದಳು, ಅತ್ತೆ ಮೇಲೆ ಮಲಗಿದ್ದರು. ಗುಬ್ಬಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಚೂರುಪಾರುಗಳ ಮಧ್ಯೆ ಕೂತು ಟೇಪು ಚೀಪುತ್ತಿದ್ದಳು. ಅಳತೆಯಣ್ಣ ದಾರ ಕತ್ತರಿಸುವ ಪುಟ್ಟ ಕತ್ತರಿ ತೆಗೆದ.

"ಅತ್ತೆ ಬೇಡ ಅಂದಿದ್ದಾರೆ," ಅಂದೆ ನಾನು ಹಲಗೆಯ ಈಚೆಯಿಂದ.

"ಅದಕ್ಕೇ ಮಾಡ್ತಿರೋದು ಅಣ್ಣ. ಅವರು ಎದ್ದು ಬಂದಾಗ ಹತ್ತೂ ಬೆರಳು ನೋಡಿ ಮೂಗಿನ ಮೇಲೆ ಬೆರಳಿಡಬೇಕು. ರೇಷ್ಮೆ ಕತ್ತರಿಸಿದ ಕೈ ಇದು, ಉಗುರು ಯಾವ ಲೆಕ್ಕ?"

ಬೇರೆಯವರಾಗಿದ್ದರೆ ಸುಮ್ಮನೆ ಕತ್ತರಿಸುತ್ತಿದ್ದರು. ಇವನು ಮೊದಲು ಟೇಪು ಹಿಡಿದು ಉಗುರು ಅಳೆದ. ಆಮೇಲೆ ಸೀಮೆಸುಣ್ಣ ಚೂಪು ಮಾಡಿ ಒಂದೊಂದು ಉಗುರಿನ ಮೇಲೂ ಗೆರೆ ಎಳೆದ. ಗುಬ್ಬಿ ಗೆರೆಗಳನ್ನೆಲ್ಲ ನೆಕ್ಕಿದಳು. ಮತ್ತೆ ಎಳೆದ. ಬಲಗೈ ಮುಗಿಯಿತು, ನಿಜ ಹೇಳಬೇಕೆಂದರೆ ಅಚ್ಚುಕಟ್ಟಾಗಿತ್ತು. ಎಡಗೈಯಲ್ಲೂ ನಾಲ್ಕು ಬೆರಳು ಆಯಿತು. ಕಿರುಬೆರಳಿಗೆ ಬಂದಾಗ, "ನೋಡ್ತಿದ್ದೀಯಾ ಅಣ್ಣ?" ಅಂತ ನನ್ನ ಕಡೆ ತಿರುಗಿದ. ನಾನು ನೋಡುತ್ತಿದ್ದೆ. ಅವನು ನೋಡುತ್ತಿರಲಿಲ್ಲ.

ಸಾಸಿವೆಯಷ್ಟು ರಕ್ತ ಬಂತು. ಕಿರುಚಿದ್ದು ಅಳತೆಯಣ್ಣ. ಗುಬ್ಬಿ ತನ್ನ ಬೆರಳನ್ನು ಕುತೂಹಲದಿಂದ ನೋಡಿಕೊಂಡಳು, ಆಮೇಲೆ ಅಪ್ಪನ ಮುಖ ನೋಡಿದಳು, ಅದನ್ನು ನೋಡಿದ ಮೇಲೆ ವಿಷಯ ದೊಡ್ಡದೇ ಇರಬೇಕು ಅಂತ ತೀರ್ಮಾನಿಸಿ ಅಳೋಕೆ ಶುರು ಮಾಡಿದಳು. ನಾನು ಹಲಗೆ ದಾಟಿ ಹೋಗಿ ಬೆರಳು ತೊಳೆದು ಬಟ್ಟೆ ಒತ್ತಿ ಹಿಡಿದೆ. ಒಂದು ನಿಮಿಷದಲ್ಲಿ ರಕ್ತ ನಿಂತಿತು, ಮಗುವೂ ಅಳು ನಿಲ್ಲಿಸಿತು. ಅಳತೆಯಣ್ಣ ನಿಲ್ಲಿಸಲಿಲ್ಲ.

"ಬೆರಳು ಉಳಿಯುತ್ತಾ ಅಣ್ಣ?"

"ಬೆರಳಿಗೇನಾಗಿದೆ?"

"ನಾಳೆ ಶಾಲೇಲಿ ಪೆನ್ನು ಹಿಡಿಯೋವಾಗ…"

"ಎಡಗೈ ಕಿರುಬೆರಳಲ್ಲಿ ಯಾರಯ್ಯ ಪೆನ್ನು ಹಿಡೀತಾರೆ?"

ಅವನು ಟ್ರಯಲ್ ರೂಮಿಗೆ ಹೋಗಿ ಪರದೆ ಎಳೆದುಕೊಂಡ. ಪರದೆ ಅಲ್ಲಾಡುವ ರೀತಿಯಿಂದ ಅಳುತ್ತಿದ್ದಾನೆ ಅಂತ ಗೊತ್ತಾಯಿತು. ಈಚೆ ಬಂದಾಗ ಕಣ್ಣು ಕೆಂಪಗಿತ್ತು. "ನನ್ನ ಕೂಸಿಗೆ ನಾನೇ ಕತ್ತರಿ ಹಾಕಿದೆನಲ್ಲ. ಇವಳನ್ನ ಕರ್ಕೊಂಡು ಹೋಗಿಬಿಡ್ತಾರೆ ಅಣ್ಣ. ಭಾನುವಾರದ ತನಕ ಯಾರೂ ಆ ಬೆರಳು ನೋಡಬಾರದು," ಅಂದ. ಯಾರಿಗೂ ಹೇಳಲ್ಲ ಅಂತ ನನ್ನಿಂದ ಮಾತು ತೆಗೆದುಕೊಂಡು ಮಷೀನಿನ ಮುಂದೆ ಕೂತ. ಮನುಷ್ಯನಿಗೆ ಹೆದರಿಕೆಯಾದಾಗ ಬರುವ ಕೆಲಸವನ್ನೇ ಮಾಡುತ್ತಾನೆ. ಇವನು ಹೊಲಿದ.

ಹಳದಿ ಹೂವಿನ ಹತ್ತಿ ಬಟ್ಟೆಯ ಗೌನು. ತೋಳು ಉದ್ದ, ಕೈಗಿಂತ ಒಂದು ಗೇಣು ಜಾಸ್ತಿ. ತೋಳಿನ ತುದಿಗೆ ಕೈ ಹೊರಬರೋ ಬಾಯಿಯೇ ಇಲ್ಲ, ಮಡಚಿ ಹೊಲಿದುಬಿಟ್ಟಿದ್ದ. ಬೆನ್ನಿಗೆ ಹುಕ್ಕಿನ ಸಾಲು, ಒಂದು ಎಡಕ್ಕೆ ಸಿಕ್ಕಿದರೆ ಇನ್ನೊಂದು ಬಲಕ್ಕೆ, ಅದರ ಒಳಗೆ ಗುಟ್ಟಾಗಿ ಇನ್ನೊಂದು ಸಾಲು. ಹಾಕೋದು ಸುಲಭ, ಬಿಚ್ಚೋದು ಹೊಲಿದವನಿಗೇ ಗೊತ್ತು. ಕೆಳಗಡೆ ಮಾತ್ರ ಅಗಲವಾಗಿ ಬಿಟ್ಟಿದ್ದ, ಮಗುವಿನ ಅವಸರದ ಕೆಲಸಗಳಿಗೆ. ತೊಡಿಸಿ ನಿಲ್ಲಿಸಿದಾಗ ಗುಬ್ಬಿ ಎರಡೂ ತೋಳು ಬೀಸಿ ಅಪ್ಪನ ಮುಖಕ್ಕೆ ಬಾರಿಸಿದಳು. ನನ್ನ ಲೆಕ್ಕದಲ್ಲಿ ಅವನಿಗೆ ಅಷ್ಟು ಸಾಲದು.

ಆ ಹೊತ್ತಿಗೆ ಅತ್ತೆ ಮೆಟ್ಟಿಲಿಳಿದು ಬಂದರು. ಗೌನು ನೋಡಿದರು. ತೋಳು ಮುಟ್ಟಿದರು. ನಾನು ಒಂದು ವಾಚಿನ ಒಳಗೆ ತಲೆ ತೂರಿಸಿಕೊಂಡೆ.

"ಇದೇನು ಅಳಿಯಂದ್ರೆ?"

"ಅದು… ಮುಖ ಪರಚಿಕೊಳ್ಳದ ಹಾಗೆ ಅತ್ತೆ. ಹೊಸ ಮಾದರಿ."

ಅತ್ತೆ ತೋಳಿನ ತುದಿಯ ಹೊಲಿಗೆಯನ್ನು ಎಳೆದು ನೋಡಿದರು. "ಆಸ್ಪತ್ರೇಲಿ ಇಷ್ಟು ವರ್ಷ ಕೆಲಸ ಮಾಡಿದೆ, ಮಕ್ಕಳ ಕೈಗೆ ಕಾಲುಚೀಲ ಕಟ್ಟಿ ಕಟ್ಟಿ ಸಾಕಾಯ್ತು. ಇದು ನನಗೆ ಹೊಳೀಲೇ ಇಲ್ಲ ನೋಡಿ," ಅಂದರು. "ಹುಡುಗನಿಗೆ ತಲೆ ಇದೆ."

ಮದುವೆಯಾದಾಗಿನಿಂದ ಅತ್ತೆಯ ಬಾಯಲ್ಲಿ ಅವನು ಕೇಳಿದ ಮೊದಲ ಮೆಚ್ಚುಗೆ ಅದು. ಅವನು ಗೋಡೆಗೆ ಒರಗಿಕೊಂಡ. ಮಗುವಿಗೆ ಮೂಗು ಸೋರುತ್ತಿರೋದರಿಂದ ನಾಲ್ಕು ದಿನ ಸ್ನಾನ ಬೇಡ, ಗೌನು ಮೈಮೇಲೇ ಇರಲಿ, ಉಗುರಿಗೂ ಅವಸರವಿಲ್ಲ ಅಂತ ಅತ್ತೆಯೇ ಅಪ್ಪಣೆ ಕೊಟ್ಟರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

ಸಂಜೆ ಹೆಂಡತಿ ಬಂದಳು. ಟಿಕೆಟಿಲ್ಲದೆ ಹಿಂದಿನ ಸೀಟಿನಲ್ಲಿ ಕೂತವರನ್ನು ನೋಡೋ ಕಣ್ಣಿನಲ್ಲೇ ಗಂಡನನ್ನು ನೋಡಿದಳು. "ರೀ, ಮಗು ಬೆರಳು ಚೀಪೋದು ಹೇಗೆ?"

"ಅಭ್ಯಾಸ ತಪ್ಪಲಿ ಅಂತ."

"ನೆನ್ನೆ ತಾನೆ ಚೀಪಲಿ ಬಿಡು, ಎಷ್ಟು ಚೆನ್ನಾಗಿ ಕಾಣುತ್ತೆ ಅಂದ್ರಿ."

"ನೆನ್ನೆ ನನಗೆ ಇಷ್ಟು ತಿಳುವಳಿಕೆ ಇರಲಿಲ್ಲ."

ಅಷ್ಟಕ್ಕೇ ನಿಂತಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಅತ್ತೆಗೆ ಅಳಿಯನ ಮೇಲೆ ಅಭಿಮಾನ ಹುಟ್ಟಿಬಿಟ್ಟಿತ್ತು. ಶುಕ್ರವಾರ ಬೆಳಿಗ್ಗೆ ಗುಬ್ಬಿಯನ್ನು ಎತ್ತಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ, ಮಗು ಇರುವ ಒಂದೊಂದು ಮನೆಯ ಮುಂದೆಯೂ ನಿಂತು ಗೌನು ತೋರಿಸಿದರು. ಹೆಡ್ ನರ್ಸ್ ಹೇಳಿದ ಮೇಲೆ ಕೇಳಬೇಕೆ. ಹತ್ತು ಗಂಟೆಗೆಲ್ಲ ನಮ್ಮ ಅಂಗಡಿ ಮುಂದೆ ಜನ.

ಮೊದಲು ಬಂದದ್ದು ಔಷಧಿ ಅಂಗಡಿ ಯಜಮಾನರು. ಹೆಂಡತಿಯನ್ನು ಬಿಟ್ಟು ಒಬ್ಬರೇ ಬಂದಿದ್ದರು, ಧ್ವನಿ ತಗ್ಗಿಸಿ, "ನಮ್ಮ ಹುಡುಗನಿಗೂ ಒಂದು ಬೇಕು. ಇವತ್ತೇ," ಅಂದರು.

"ಇವತ್ತೇ ಆಗಲ್ಲ ಸಾರ್, ಕೋಟಿನ ಕೆಲಸ ಇದೆ."

"ಕೋಟು ಯಾರದು? ನಂದೇ ಅಲ್ವಾ? ಅದು ಬಿಡಿ. ನಾನು ಚಳಿಯಲ್ಲಿ ಸತ್ತರೂ ಪರವಾಗಿಲ್ಲ."

ಅವರ ಹಿಂದೆಯೇ ಅಂಚೆ ಕಚೇರಿಯ ಗುಮಾಸ್ತರು. "ನಮ್ಮವಳಿಗೆ ತೋಳು ಇನ್ನೂ ಉದ್ದ ಇರಲಿ. ಹುಕ್ಕು ಎಷ್ಟು ಜಾಸ್ತಿ ಹಾಕ್ತೀರೋ ಅಷ್ಟು ಹಾಕಿ." ಆಮೇಲೆ ಡ್ರಾಯಿಂಗ್ ಟೀಚರಮ್ಮ. "ದಪ್ಪ ಬಟ್ಟೆ ಇರಲಿ ಅಳತೆಯಣ್ಣ. ಬೆಳಕಿಗೆ ಹಿಡಿದರೂ ಒಳಗೆ ಕಾಣಬಾರದು." ಮೂವರಿಗೂ ಸಿಕ್ಕ ಮೇಲೆ, ನಮ್ಮ ಮಗು ಏನು ಕಮ್ಮಿ ಅಂತ ಉಳಿದವರೂ ಬಂದರು. ಒಂದು ತೋಳಿಗೆ ಬಾಯಿ ಬೇಡ ಅನ್ನೋಕೆ ಜನ ಇಷ್ಟು ಅವಸರ ಪಡೋದನ್ನು ನಾನು ನೋಡಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಆದರೆ ನಾನು ಫ್ಯಾಷನ್ ಅಂದರೆ ಹೀಗೇ ಇರುತ್ತೆ ಅಂದುಕೊಂಡೆ.

ಅಳತೆಯಣ್ಣ ಹೊಲಿದ, ಹೊಲಿದ, ಹೊಲಿಯುತ್ತಲೇ ಸೊರಗಿದ. "ಅಣ್ಣ, ನನ್ನ ಒಂದು ತಪ್ಪು ಮುಚ್ಚೋಕೆ ಬೀದಿ ಮಕ್ಕಳ ಕೈಯೆಲ್ಲ ಕಟ್ಟಿಹಾಕಿದೆ," ಅಂತ ಗೊಣಗುತ್ತಿದ್ದ. ಬೆರಳು ಚೀಪೋಕೆ ಸಿಗದ ಮಕ್ಕಳು ಬೀದಿಯ ಉದ್ದಕ್ಕೂ ರಾಗ ಎಳೆಯುತ್ತಿದ್ದವು. ಗುಬ್ಬಿ ಮಾತ್ರ ತೋಳಿನ ತುದಿಯನ್ನೇ ಚೀಪೋದು ಕಲಿತು ಸುಖವಾಗಿದ್ದಳು.

ಶನಿವಾರ ಬೀದಿಯ ಕೊನೆಯ ಸಭಾಂಗಣದಲ್ಲಿ ಮಕ್ಕಳ ತೂಕ ನೋಡುವ ದಿನ. ತೂಕದ ಯಂತ್ರದ ಮುಳ್ಳು ಸಿಕ್ಕಿಕೊಂಡಿದೆ ಅಂತ ನನ್ನನ್ನೂ ಕರೆಸಿದ್ದರು, ಅದಕ್ಕೇ ನಡೆದದ್ದನ್ನೆಲ್ಲ ಕಣ್ಣಾರೆ ಕಂಡೆ. ಆರೋಗ್ಯ ಕೇಂದ್ರದಿಂದ ಬಂದಿದ್ದ ಸಿಸ್ಟರ್ ಹೊಸಬರು, ತುಂಬ ಶಿಸ್ತು. ಸಾಲಾಗಿ ಕೂತ ಮಕ್ಕಳನ್ನೂ ಅವುಗಳ ಮುಚ್ಚಿದ ಕೈಗಳನ್ನೂ ನೋಡಿ ಪೆನ್ನು ಕೆಳಗಿಟ್ಟರು.

"ಎಲ್ಲ ಮಕ್ಕಳ ಕೈ ಯಾಕೆ ಕಟ್ಟಿದ್ದೀರಿ?" ಅಂತ ಹತ್ತಿರ ಕೂತಿದ್ದ ಗುಮಾಸ್ತರನ್ನು ಕೇಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗುಮಾಸ್ತರು ಮಗುವನ್ನು ಬೆನ್ನ ಹಿಂದೆ ಮಾಡಿದರು. "ನಾನೊಬ್ಬನೇ ಅಲ್ಲ ಸಿಸ್ಟರ್. ಈ ಬೀದೀಲಿ ಎಲ್ಲರಿಗೂ ಹೀಗೇ. ಮೊದಲು ಟೈಲರ್ ಮಗುವಿಗೆ ಆಯ್ತು."

"ಏನಾಯ್ತು?"

"ಅದೇ… ಈಗ ಎಲ್ಲರಿಗೂ ಬಂದಿರೋದು."

ಸಿಸ್ಟರ್ ತಟ್ಟನೆ ಎದ್ದು ಔಷಧಿ ಅಂಗಡಿ ಯಜಮಾನರ ಮಗನ ತೋಳಿಗೆ ಕೈ ಹಾಕಿದರು. "ಮುಟ್ಟಬೇಡಿ," ಅಂತ ಯಜಮಾನರು ಹಿಂದೆ ಸರಿದರು. "ಗಾಳಿ ತಾಗಬಾರದು."

"ಯಾರು ಹೇಳಿದ್ದು?"

"ನಾನು ಔಷಧಿ ಮಾರೋನು, ನನಗೆ ಗೊತ್ತಾಗಲ್ವಾ?"

ಸಿಸ್ಟರ್ ತಮ್ಮ ಕೈಯನ್ನು ಮೊಣಕೈವರೆಗೆ ತೊಳೆದುಕೊಂಡು, ತೂಕದ ಯಂತ್ರವನ್ನು ಅಲ್ಲೇ ಬಿಟ್ಟು ಹೊರಟುಹೋದರು. ಸಂಜೆಯ ಹೊತ್ತಿಗೆ ಪಕ್ಕದ ಬೀದಿಯವರು ನಮ್ಮ ಬೀದಿಯ ಹಾಲಿನವನಿಂದ ಹಾಲು ತೆಗೆದುಕೊಳ್ಳೋದು ನಿಲ್ಲಿಸಿದರು. ಅವರ ಲೆಕ್ಕದಲ್ಲಿ ನಮ್ಮ ಮಕ್ಕಳಿಗೆ ಬೆರಳು ಉದುರುವ ರೋಗ ಬಂದಿತ್ತು. ನನ್ನ ಹತ್ತಿರ ರಿಪೇರಿಗೆ ಕೊಟ್ಟಿದ್ದ ವಾಚು ಈಗ ಬೇಡ, ಆಮೇಲೆ ತಗೋತೀನಿ ಅಂತ ಒಬ್ಬರು ಬೀದಿಯ ಆಚೆಯಿಂದಲೇ ಕೂಗಿ ಹೇಳಿದರು.

ಭಾನುವಾರ ಬೆಳಿಗ್ಗೆ ಅದೇ ಸಿಸ್ಟರನ್ನು ಕರೆದುಕೊಂಡು ಆರೋಗ್ಯ ಕೇಂದ್ರದ ಡಾಕ್ಟರೇ ಬಂದರು. ಚಿಕ್ಕ ವಯಸ್ಸಿನವರು, ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಹಿಂದೆ ಆಂಬುಲೆನ್ಸು. ಬೀದಿಯ ಎರಡೂ ತುದಿಗೆ ಹಗ್ಗ ಕಟ್ಟಿಸಿದರು. "ಮಕ್ಕಳ ಕೈ ನೋಡೋ ತನಕ ಯಾರೂ ಈ ಬೀದಿ ಬಿಟ್ಟು ಹೋಗೋ ಹಾಗಿಲ್ಲ."

"ಯಾವ ರೋಗ ಇದು? ಯಾವ ಪುಸ್ತಕದಲ್ಲಿದೆ?" ಅಂತ ಅತ್ತೆ ಗದರಿದರು. "ಇದು ನಮ್ಮ ಅಳಿಯಂದಿರು ಕಂಡುಹಿಡಿದ ಗೌನು."

"ಹಾಗಾದ್ರೆ ಬಿಚ್ಚಿ ತೋರಿಸಿ ಅಮ್ಮ."

ಬಿಚ್ಚೋಕೆ ಅತ್ತೆ ಕೈ ಹಾಕಿದರು. ಹುಕ್ಕು ಬಗ್ಗಲಿಲ್ಲ. ಡಾಕ್ಟರು ಹಾಕಿದರು, ಗ್ಲೌಸು ಹರಿಯಿತು. ಬಿಚ್ಚೋದು ಹೊಲಿದವನಿಗೇ ಗೊತ್ತು ಅಂತ ಮೊದಲೇ ಹೇಳಿದೆನಲ್ಲ. ಕೊನೆಗೆ ಮಕ್ಕಳನ್ನೆಲ್ಲ ನಮ್ಮ ಅಂಗಡಿಗೇ ತಂದರು. ಒಳಗೆ ನಿಲ್ಲೋಕೆ ಜಾಗ ಸಾಲದೆ ಗುಮಾಸ್ತರ ಹೆಂಡತಿ ನನ್ನ ಹಲಗೆ ಹತ್ತಿ ಕೂತರು.

"ಯಾರು ಮೊದಲು?" ಅಂದರು ಡಾಕ್ಟರು. ಆಟದ ಮೈದಾನದಲ್ಲೂ ಅಷ್ಟು ಜನ ಒಟ್ಟಿಗೆ ಹಿಂದೆ ಸರಿದದ್ದನ್ನು ನಾನು ಕಂಡಿಲ್ಲ. ಡಾಕ್ಟರು ತಾವೇ ಔಷಧಿ ಅಂಗಡಿ ಯಜಮಾನರ ಮಗನನ್ನು ಎತ್ತಿ ಮೇಜಿನ ಮೇಲೆ ಕೂರಿಸಿದರು. ಅಳತೆಯಣ್ಣ ಹುಕ್ಕು ಬಿಚ್ಚಿ ಗೌನು ತೆಗೆದ.

ಒಳಗೆ ಬ್ಯಾಂಡೇಜು. ಸುತ್ತು ಬಿಚ್ಚಿದಷ್ಟೂ ಬ್ಯಾಂಡೇಜು, ಒಂದು ಅಂಗಡಿಗಾಗುವಷ್ಟು. ಕೊನೆಗೆ ತೋರುಬೆರಳ ಮೇಲೆ ಒಂದು ಸಣ್ಣ ಕೆಂಪು ಗೆರೆ.

"ಡ್ರಾಯರು ಮುಚ್ಚುವಾಗ…" ಅಂತ ಯಜಮಾನರು ನೆಲ ನೋಡಿದರು. "ಸ್ವಲ್ಪ ಸಿಕ್ಕಿಕೊಂಡಿತು."

"ನನಗೆ ಫ್ಯಾಷನ್ ಅಂದ್ರಿ," ಅಂದರು ಅವರ ಹೆಂಡತಿ.

ಗುಮಾಸ್ತರ ಮಗಳ ಕೈಯ ಹಿಂಬದಿಯಲ್ಲಿ ದುಂಡಗೆ ಅಂಚೆಯ ಮುದ್ರೆ ಬಿದ್ದಿತ್ತು. ತಾರೀಖು ಸಮೇತ, ಓದೋಕೆ ಕನ್ನಡಕವೂ ಬೇಡ. ಗುಮಾಸ್ತರ ಹೆಂಡತಿ ಹಲಗೆಯಿಂದ ಇಳಿದು ಬಂದು ಓದಿದರು. "ಬುಧವಾರ. ಬುಧವಾರ ನನಗೆ ತಲೆನೋವು, ಮಗೂನ ಪಾರ್ಕಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ರಿ."

"ದಾರೀಲಿ ಆಫೀಸಿಗೆ ಒಂದು ನಿಮಿಷ ಅಂತ ಹೋದೆ ಕಣೆ. ಕಾಗದಕ್ಕೆ ಮುದ್ರೆ ಹಾಕ್ತಾ ಇದ್ದೆ, ಇವಳೇ ಕೈ ಮುಂದೆ ಮಾಡಿದಳು. ಮೆಲ್ಲಗೇ ಬಿತ್ತು, ನಿನ್ನಾಣೆ. ಎಷ್ಟು ಉಜ್ಜಿದರೂ ಹೋಗ್ತಿಲ್ಲ." ಅಷ್ಟು ಹೇಳಿ ಅವರೂ ನೆಲ ನೋಡಿದರು.

ಡ್ರಾಯಿಂಗ್ ಟೀಚರಮ್ಮನ ಮಗುವಿನ ಅಂಗೈಯಲ್ಲಿ ಬಣ್ಣದ ಕಾಗದದ ಎಲೆಯೊಂದು ಅಂಟಿಕೊಂಡಿತ್ತು. ಅಂಟಿನ ಡಬ್ಬಿಯ ಮುಚ್ಚಳ ಹಾಕೋದು ಮರೆತು ಬಾಗಿಲು ತೆಗೆಯೋಕೆ ಎದ್ದು ಹೋಗಿದ್ದರಂತೆ. "ಮಕ್ಕಳಿಗೆಲ್ಲ ಮುಚ್ಚಳ ಹಾಕಿ ಮುಚ್ಚಳ ಹಾಕಿ ಅಂತ ದಿನಾ ಬೈಯೋಳು ನಾನು," ಅಂತ ಕಣ್ಣೊರೆಸಿಕೊಂಡರು. ಉಳಿದ ಮಕ್ಕಳ ತೋಳಿನಲ್ಲಿ ಕೈಗಳನ್ನು ಬಿಟ್ಟರೆ ಇನ್ನೇನೂ ಇರಲಿಲ್ಲ. ಅವರ ಅಪ್ಪ ಅಮ್ಮಂದಿರು ನಿಜವಾಗಿಯೂ ಫ್ಯಾಷನ್ ಮಾಡಿದ್ದರು, ಈಗ ನಾಚಿಕೊಂಡರು.

ಡಾಕ್ಟರು ಮಾಸ್ಕು ತೆಗೆದು ಸ್ಟೂಲಿನ ಮೇಲೆ ಕೂತರು. "ಬಿಸಿನೀರಲ್ಲಿ ನೆನೆಸಿ, ಅಂಟು ಬಿಡುತ್ತೆ. ಮುದ್ರೆ ತಾನಾಗಿ ಹೋಗುತ್ತೆ. ಈಗ ಮೇಲಿನವರು ಕೇಳಿದ್ರೆ ನಾನು ಯಾವ ರೋಗ ಅಂತ ಹೇಳಲಿ?"

"ಅಪ್ಪ ಅಮ್ಮ ಅನ್ನೋ ರೋಗ ಅಂತ ಹೇಳಿ," ಅಂದರು ಅತ್ತೆ. ಆಮೇಲೆ ಎಲ್ಲರ ಕಡೆ ತಿರುಗಿದರು. "ನಮ್ಮ ಅಳಿಯಂದಿರು ಮಗುವಿನ ಒಳ್ಳೇದಕ್ಕೆ ಅಂತ ಹೊಲಿದರು. ನೀವು ಅದರಲ್ಲಿ ನಿಮ್ಮ ತಪ್ಪು ಮುಚ್ಚಿಟ್ರಿ. ಅವರನ್ನ ನೋಡಿ ಕಲೀರಿ. ಒಂದು ಗೀರೂ ಇಲ್ಲದ ಹಾಗೆ ಮಗು ನೋಡಿಕೊಂಡಿದ್ದಾರೆ." ಗುಬ್ಬಿಯನ್ನು ಮೇಜಿನ ಮೇಲೆ ಕೂರಿಸಿ, "ಬಿಚ್ಚಿ ತೋರಿಸಿ ಅಳಿಯಂದ್ರೆ," ಅಂದರು.

ಅಳತೆಯಣ್ಣ ಬಿಚ್ಚಿದ. ಹತ್ತು ಪುಟ್ಟ ಬೆರಳುಗಳು ಹೊರಗೆ ಬಂದು ಗಾಳಿಯಲ್ಲಿ ಆಡಿದವು. ನಾನು ಕತ್ತು ಚಾಚಿ ಎಡಗೈ ಕಿರುಬೆರಳು ನೋಡಿದೆ. ಏನೂ ಇರಲಿಲ್ಲ. ಮಕ್ಕಳ ಚರ್ಮ, ಗುರುವಾರದ್ದು ಭಾನುವಾರಕ್ಕೆ ಮಾಯ. ನನಗೆ ಹೋದ ಜೀವ ಬಂದ ಹಾಗಾಯಿತು. ಬಾಯಿ ಮುಚ್ಚಿಕೊಂಡಿರು ಅಂತ ಅವನಿಗೆ ಕಣ್ಸನ್ನೆ ಮಾಡಿದೆ. ಇನ್ನು ಒಂದು ನಿಮಿಷ ಸುಮ್ಮನಿದ್ದರೆ ಮಗು ಅವನದು.

ಅವನು ನೆಲ ನೋಡುತ್ತಿದ್ದ ಗುಮಾಸ್ತರನ್ನು ನೋಡಿದ, ಕಣ್ಣೊರೆಸುತ್ತಿದ್ದ ಟೀಚರಮ್ಮನನ್ನು ನೋಡಿದ. "ಇವರನ್ನ ಬೈಬೇಡಿ ಅತ್ತೆ," ಅಂದ. "ಮೊದಲು ಮುಚ್ಚಿಟ್ಟವನು ನಾನು. ಉಗುರು ತೆಗೆಯೋಕೆ ಹೋಗಿ ಬೆರಳು ಕತ್ತರಿಸಿದೆ. ರಕ್ತ ಬಂತು. ಅದಕ್ಕೇ ಈ ಗೌನು."



"ಯಾವ ಬೆರಳು?" ಅಂದರು ಡಾಕ್ಟರು.

"ಇದು."

"ಏನೂ ಇಲ್ಲವಲ್ಲ."

"ಇತ್ತು ಡಾಕ್ಟರೇ. ಸರಿಯಾಗಿ ನೋಡಿ." ಒಬ್ಬ ಅಪರಾಧಿ ತನ್ನ ಅಪರಾಧ ಸಾಬೀತು ಮಾಡೋಕೆ ಇಷ್ಟು ಒದ್ದಾಡೋದು ಎಲ್ಲೂ ಇಲ್ಲ. ನನ್ನ ಕಣ್ಣಿಗೆ ಸಿಕ್ಕಿಸೋ ಭೂತಗನ್ನಡಿ ಕಿತ್ತುಕೊಂಡು ಹೋಗಿ ಡಾಕ್ಟರ ಕಣ್ಣಿಗೆ ಇಟ್ಟ. ಡಾಕ್ಟರು ನೋಡಿದರು, ಸಿಸ್ಟರ್ ನೋಡಿದರು, ಯಜಮಾನರು ನೋಡಿ ಬ್ಯಾಂಡೇಜು ಬೇಕಾದ್ರೆ ನಮ್ಮ ಹತ್ತಿರ ಇದೆ ಅಂದರು. ಗುಬ್ಬಿ ಭೂತಗನ್ನಡಿ ಕಚ್ಚಿದಳು. ಗಾಯ ಸಿಗಲಿಲ್ಲ.

"ಅಣ್ಣ, ನೀನಾದ್ರೂ ಹೇಳು," ಅಂತ ನನ್ನ ಕಡೆ ತಿರುಗಿದ. ಏನು ಮಾಡಲಿ, ಹೌದು ಅಂತ ತಲೆಯಾಡಿಸಿದೆ.

ಹೆಂಡತಿ ಮುಂದೆ ಬಂದಳು. "ನನಗಾದ್ರೂ ಹೇಳಬಹುದಿತ್ತಲ್ಲ ರೀ."

"ಹೇಳಿದ್ರೆ ನೀನು ನಾಳೆ ಬಸ್ಸಿನಲ್ಲಿ ನಿಂತು ಇದನ್ನೇ ನೆನೆಸ್ಕೊಂಡು ಅಳ್ತಿದ್ದೆ."

"ಈಗ? ಮಗು ಇಲ್ಲದ ಮನೆಗೆ ಬಂದು ಅಳ್ತೀನಿ."

ಅತ್ತೆಯ ಮುಖ ಕಲ್ಲಾಗಿತ್ತು. "ಗಾಯ ಆದದ್ದಕ್ಕಲ್ಲ ಅಳಿಯಂದ್ರೆ. ಗಾಯ ಯಾರ ಕೈಲೂ ಆಗುತ್ತೆ. ಮುಚ್ಚಿಟ್ರಲ್ಲ, ಅದಕ್ಕೆ. ಇವತ್ತು ಬೆರಳು ಮುಚ್ಚಿಟ್ಟವರು ನಾಳೆ ಏನು ಮುಚ್ಚಿಡ್ತೀರೋ. ಮಾತು ಅಂದ ಮೇಲೆ ಮಾತು, ಮಗು ನನ್ನ ಜೊತೆ ಬರುತ್ತೆ." ಮೇಲೆ ಹೋಗಿ ಕಟ್ಟಿಟ್ಟಿದ್ದ ಚೀಲವನ್ನೂ, ಪ್ರಯಾಣಕ್ಕೆ ಅಂತ ತಂದಿದ್ದ ಮಗುವಿನ ಜಾಕೆಟ್ಟನ್ನೂ ತಂದರು. ಅಳತೆಯಣ್ಣ ಮಗುವಿನ ಪಾದ ಹಿಡಿದುಕೊಂಡು ನಿಂತಿದ್ದ. ಬಿಡೋಕೆ ಅವನಿಗೆ ಆಗುತ್ತಿರಲಿಲ್ಲ, ಹಿಡಿದುಕೊಳ್ಳೋಕೆ ಹಕ್ಕಿಲ್ಲ ಅಂತ ಅವನೇ ಒಪ್ಪಿಕೊಂಡುಬಿಟ್ಟಿದ್ದ. ನನಗೂ ಅವನ ಮುಖ ನೋಡೋಕೆ ಆಗಲಿಲ್ಲ.

ಅತ್ತೆ ಜಾಕೆಟ್ಟು ತೊಡಿಸಿದರು. ಸಿಟ್ಟಿನಲ್ಲಿದ್ದರೋ, ಕಣ್ಣಲ್ಲಿ ನೀರಿತ್ತೋ, ಜಿಪ್ಪನ್ನು ಒಂದೇ ಎಳೆತಕ್ಕೆ ಮೇಲಕ್ಕೆ ಎಳೆದರು. ಗಲ್ಲದ ಕೆಳಗಿನ ಮೆತ್ತನೆಯ ಚರ್ಮ ಅದಕ್ಕೆ ಸಿಕ್ಕಿತು.

ಗುಬ್ಬಿ ಕೂಗಿದ ಕೂಗಿಗೆ ಹಗ್ಗದ ಆಚೆಯ ಜನವೂ ಓಡಿಬಂದರು. ಡಾಕ್ಟರು ಮೆಲ್ಲಗೆ ಜಿಪ್ಪು ಬಿಡಿಸಿದರು. ಏನೂ ಆಗಿಲ್ಲ, ಬರೀ ಕೆಂಪು ಗುರುತು ಅಂದರು. ಆದರೆ ಅದು ಎಲ್ಲರಿಗೂ ಕಾಣುವಂಥ ಗುರುತು, ಭೂತಗನ್ನಡಿ ಬೇಡದ ಗುರುತು. ಅತ್ತೆ ಎರಡೂ ಕೈ ಗಾಳಿಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು.

"ನನ್ನ ತಪ್ಪು ಅತ್ತೆ," ಅಂದ ಅಳತೆಯಣ್ಣ ತಟ್ಟನೆ. "ಜಿಪ್ಪಿನ ಒಳಗೆ ಪಟ್ಟಿ ಇಟ್ಟು ಹೊಲೀಬೇಕಿತ್ತು. ಮರೆತೆ."

"ಇದು ನೀವು ಹೊಲಿದದ್ದಲ್ಲ," ಅಂದರು ಅತ್ತೆ. "ನಾನು ಅಂಗಡೀಲಿ ಕೊಂಡದ್ದು."

"ನೋಡಿಕೊಳ್ಳಬೇಕಾಗಿದ್ದದ್ದು ನಾನಲ್ವಾ. ಭಾನುವಾರ ಇನ್ನೂ ಮುಗಿದಿಲ್ಲ."

ಅತ್ತೆ ಡಾಕ್ಟರು ಬಿಟ್ಟೆದ್ದ ಸ್ಟೂಲಿನ ಮೇಲೆ ಕುಸಿದು ಕೂತರು. "ಆಸ್ಪತ್ರೇಲಿ ಎಷ್ಟು ಮಕ್ಕಳನ್ನ ಎತ್ತಿದೀನಿ, ಒಂದು ದಿನ ಕೈ ನಡುಗಿಲ್ಲ. ಅವು ಯಾವುವೂ ನಮ್ಮ ಮನೇವಲ್ಲ ನೋಡಿ," ಅಂದರು. ಮೇಜಿನ ಮೇಲೆ ಅಳುತ್ತಿದ್ದ ಗುಬ್ಬಿಯ ಕಡೆ ಅಳಿಯನಿಗೆ ಕೈ ತೋರಿಸಿದರು. "ಹಿಡ್ಕೊಳ್ಳಿ. ನನ್ನ ಕೈಲಿ ಆಗ್ತಿಲ್ಲ."

ಅವನು ಎತ್ತಿಕೊಂಡು ಹೆಗಲಿಗೆ ಹಾಕಿಕೊಂಡ. ಗುಬ್ಬಿ ಅವನ ಕೊರಳಲ್ಲಿದ್ದ ಟೇಪಿನ ತುದಿ ಹುಡುಕಿ ಬಾಯಿಗಿಟ್ಟುಕೊಂಡು ಸುಮ್ಮನಾದಳು. ಅತ್ತೆ ಎದ್ದು ಬಂದು ಜಾಕೆಟ್ಟಿನ ಕುತ್ತಿಗೆಪಟ್ಟಿಯನ್ನು ಮೇಲಕ್ಕೆಳೆದು ಆ ಕೆಂಪು ಗುರುತನ್ನು ಮುಚ್ಚಿದರು. ಅದು ನಿಲ್ಲಲಿಲ್ಲ, ಮತ್ತೆ ಎಳೆದರು. ಡಾಕ್ಟರು, ಸಿಸ್ಟರ್, ಇಡೀ ಬೀದಿ ನೋಡುತ್ತಿತ್ತು.

"ಅಳಿಯಂದ್ರೆ," ಅಂದರು ಮೆಲ್ಲಗೆ, "ಇದನ್ನ ಯಾರಿಗೂ ಹೇಳೋದು ಬೇಡ."

"ಇಲ್ಲ ಅತ್ತೆ," ಅಂದ ಅಳತೆಯಣ್ಣ. ಮಗುವಿನ ಬಾಯಿಂದ ಟೇಪು ಬಿಡಿಸಿ ಅದರ ಕುತ್ತಿಗೆ ಅಳೆದ. "ಎತ್ತರದ ಕಾಲರ್ ಇರೋ ಗೌನು ಒಂದು ಹೊಲೀಲಾ?"

"ಹೊಲೀರಿ," ಅಂದರು ಅತ್ತೆ, ಮೂಗು ಒರೆಸಿಕೊಳ್ಳುತ್ತಾ. "ಅವಸರ ಏನಿಲ್ಲ. ಮಗು ಇಲ್ಲೇ ಇರುತ್ತಲ್ಲ."